ಕೋಳಿಗೂಡಿನಲ್ಲಿದ್ದ ಜರ್ಮನ್ ಹೆಲ್ಮೆಟ್, ಒಳಗೆ ಎರಡು ಹೆಸರು. ಯಾರದ್ದು ಅಂತ ಹುಡುಕುವುದು ಹೇಗೆ?

ಐಫೆಲ್ ಹಳ್ಳಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಜರ್ಮನಿಯಲ್ಲಿ, ಆಖೆನ್‌ನಿಂದ ಸ್ವಲ್ಪ ದಕ್ಷಿಣಕ್ಕೆ, ಎರಡನೇ ಮಹಾಯುದ್ಧದಲ್ಲಿ, 1944ರ ಶರತ್ಕಾಲದಲ್ಲಿ, ಜರ್ಮನ್ನರೂ ಅಮೆರಿಕನ್ನರೂ ಕಾದಾಡಿದ ಹ್ಯುರ್ಟ್‌ಗೆನ್ ಕಾಡಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಪಕ್ಕದ ಮನೆ ಅಜ್ಜಿ ವೃದ್ಧಾಶ್ರಮಕ್ಕೆ ಹೋಗುತ್ತಿದ್ದಾರೆ. ಮನೆ ಖಾಲಿ ಮಾಡಲು ಎರಡು ವಾರದಿಂದ ಅವರ ಜೊತೆ ಕೈ ಜೋಡಿಸಿದ್ದೇನೆ. ಹಿಂದಿನ ಕೋಳಿಗೂಡಿನಲ್ಲಿ, ಹಳೇ ಬುಟ್ಟಿಗಳ ಕೆಳಗೆ, ತಂತಿ ಕಟ್ಟಿದ ಒಂದು ಸೈನಿಕರ ಹೆಲ್ಮೆಟ್ ಸಿಕ್ಕಿತು. ಬಹಳ ವರ್ಷ ಅದರಲ್ಲೇ ಕೋಳಿಗೆ ಕಾಳು ಹಾಕುತ್ತಿದ್ದರಂತೆ. ನಾನು ಎಸೆಯಲಿಕ್ಕೆ ಅಂತ ಪಕ್ಕಕ್ಕೆ ಇಟ್ಟಿದ್ದೆ. ಅಜ್ಜಿ ಅದನ್ನು ವಾಪಸ್ ತೆಗೆದುಕೊಂಡು ನನ್ನ ಕೈಗೆ ಕೊಟ್ಟು, "ಇದು ನಮ್ಮ ಮನೆಯವರದ್ದಲ್ಲ, ಯಾರೋ ಹುಡುಗನದ್ದು, ಆಗುತ್ತಾದರೆ ಅವನ ಮನೆಯವರಿಗೆ ಸೇರಿಸು" ಅಂದರು. ಅಷ್ಟು ಹೇಳಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನನಗೆ ಕಂಡಿದ್ದನ್ನು ಬರೆಯುತ್ತೇನೆ. ಹೊರಗೆ ಒರಟಾದ ಬೂದು-ಹಸಿರು ಬಣ್ಣ, ಮುಟ್ಟಿದರೆ ಮರಳಿನ ಹಾಗೆ ತರಿತರಿ. ಎಡಗಡೆ ಹದ್ದಿನ ಚಿತ್ರ ಅರ್ಧ ಅಳಿಸಿದೆ. ಬಲಗಡೆ ಏನೂ ಇಲ್ಲ. ಒಳಗೆ ಎಡಬದಿಯ ಲೋಹದಲ್ಲಿ ಇ, ಟಿ, 64 ಅಂತ ಒತ್ತಿದ ಗುರುತು. ಹಿಂಬದಿಯಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ, ಇದು ಸೈನಿಕನ ನಂಬರ್ ಇರಬೇಕು. ಅದರ ಪಕ್ಕದಲ್ಲೇ ಬಿಳಿ ಬಣ್ಣದಲ್ಲಿ ಒಂದು ಹೆಸರು ಬರೆದು ಆಮೇಲೆ ಗೀಚಿ ಹಾಕಿದ್ದಾರೆ. ತೊಗಲಿನ ಒಳಪದರ ಗಟ್ಟಿಯಾಗಿ ಸುರುಟಿದೆ, ಅದರ ಒಂದು ನಾಲಿಗೆಯ ಹಿಂದೆ ನೇರಳೆ ಬಣ್ಣದಲ್ಲಿ ಇನ್ನೊಂದು ಹೆಸರು, ಕೆಳಗೆ ಐದು ಅಂಕಿ. ಹೆಸರುಗಳನ್ನು ಇಲ್ಲಿ ಹಾಕುವುದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಇರಬಹುದು ಅಲ್ವಾ.

ಎಲ್ಲಿಂದ ಶುರು ಮಾಡಲಿ? ತುಕ್ಕು ಜಾಸ್ತಿ ಇದೆ, ತಂತಿ ಬ್ರಷ್‌ನಲ್ಲಿ ಉಜ್ಜಿ ಎಣ್ಣೆ ಹಚ್ಚಿದರೆ ಅಕ್ಷರ ಇನ್ನೂ ಚೆನ್ನಾಗಿ ಕಾಣಬಹುದಾ?

ಹಳೇ ಉಕ್ಕು ಬರೆದದ್ದು:

ಬ್ರಷ್ ಕೆಳಗಿಡಿ. ಎಣ್ಣೆ, ನೀರು, ಸೋಪು ಯಾವುದೂ ಬೇಡ. ಆ ನೇರಳೆ ಬರಹ ಬಹುಶಃ ಕಾಪಿಯಿಂಗ್ ಪೆನ್ಸಿಲ್‌ನದ್ದು. ಆ ಕಾಲದಲ್ಲಿ ಸೈನಿಕರ ಜೇಬಿನಲ್ಲಿ ಇರುತ್ತಿದ್ದ ಪೆನ್ಸಿಲ್ ಅದು, ಒಣಗಿದ್ದಾಗ ಬೂದು, ತೇವ ತಗುಲಿದರೆ ನೇರಳೆ. ಇನ್ನೊಮ್ಮೆ ಒದ್ದೆಯಾದರೆ ಹರಡಿಕೊಂಡು ಹೋಗುತ್ತದೆ, ಆಮೇಲೆ ನಿಮಗೆ ಹೆಸರೇ ಇರುವುದಿಲ್ಲ. ತೊಗಲನ್ನು ಬಲವಂತವಾಗಿ ಬಗ್ಗಿಸಲೂ ಬೇಡಿ, ಮುರಿಯುತ್ತದೆ. ಕನ್ನಡಿ ಚೂರು ಒಳಗೆ ಹಿಡಿದು ಅದರಲ್ಲಿ ಕಂಡದ್ದನ್ನು ಫೋಟೋ ತೆಗೆಯಿರಿ.

ಈಗ ಗುರುತುಗಳು. ಇ ಟಿ ಅಂದರೆ ಹಾರ್ಟ್ಸ್ ಬೆಟ್ಟದ ಬುಡದ ಟಾಲೆ ಊರಿನ ಉಕ್ಕಿನ ಕಾರ್ಖಾನೆ. ಮೊದಲನೇ ಮಹಾಯುದ್ಧದಲ್ಲಿ, 1916ರಲ್ಲಿ, ಜರ್ಮನ್ ಸೇನೆಯ ಮೊಟ್ಟಮೊದಲ ಉಕ್ಕಿನ ಹೆಲ್ಮೆಟ್ ಮಾಡಿದ್ದೂ ಅಲ್ಲೇ. ಎರಡನೇ ಮಹಾಯುದ್ಧದ ನಡುವೆ ಅದೇ ಕಾರ್ಖಾನೆ ಗುರುತು ಬದಲಿಸಿ ಸಿ ಕೆ ಎಲ್ ಅಂತ ಒತ್ತತೊಡಗಿತು. ಹಾಗಾಗಿ ಇ ಟಿ ಇದ್ದರೆ ಯುದ್ಧದ ಮೊದಲ ಭಾಗದ್ದು ಅಥವಾ ಅದಕ್ಕೂ ಹಿಂದಿನದ್ದು. 64 ಅನ್ನುವುದು ಚಿಪ್ಪಿನ, ಅಂದರೆ ಹೊರಗಿನ ಉಕ್ಕಿನ ಭಾಗದ ಅಳತೆ. ಒಳಗಿನ ಲೋಹದ ಪಟ್ಟಿಯಲ್ಲಿ 64 ಎನ್ ಎ 57 ಅಥವಾ 56 ಅಂತ ಇರಬೇಕು, ಆ ಕೊನೆಯ ಸಂಖ್ಯೆ ತಲೆ ಸುತ್ತಳತೆ, ಸೆಂಟಿಮೀಟರ್‌ನಲ್ಲಿ.

ಹಿಂದಿನ ನಾಲ್ಕು ಅಂಕಿ ಸೈನಿಕನ ನಂಬರ್ ಅಲ್ಲ. ಇದನ್ನು ಎಲ್ಲರೂ ತಪ್ಪು ತಿಳಿಯುತ್ತಾರೆ. ಅದು ಕಾರ್ಖಾನೆಯ ಲಾಟ್ ನಂಬರ್. ಒಂದೇ ನಂಬರಿನ ಹೆಲ್ಮೆಟ್‌ಗಳು ಎಷ್ಟೋ ಇರುತ್ತವೆ. ಅದರಿಂದ ಮನುಷ್ಯ ಸಿಗುವುದಿಲ್ಲ.

ಎರಡು ಕೆಲಸ ಮಾಡಿ. ಒಂದು, ಎರಡೂ ಪಕ್ಕದ ಗಾಳಿ ತೂತುಗಳನ್ನು ನೋಡಿ. ತೂತಿನ ಸುತ್ತ ಬೇರೆಯಾಗಿ ಕೂರಿಸಿದ ಸಣ್ಣ ಉಂಗುರ ಇದೆಯಾ, ಇಲ್ಲ ಚಿಪ್ಪನ್ನೇ ಒತ್ತಿ ಉಬ್ಬಿಸಿದ್ದಾರಾ? ಉಂಗುರ ಇದ್ದರೆ 1935ರ ಮಾದರಿ. ಒತ್ತಿದ್ದಾದರೆ 1940ರದ್ದು. ಅಂಚು ಒಳಕ್ಕೆ ಮಡಚದೆ ಹಾಗೇ ಹೊರಕ್ಕೆ ಚಾಚಿದ್ದರೆ 1942ರ ಮಾದರಿ, ಖರ್ಚು ಉಳಿಸಲು ಮಾಡಿದ್ದು. ಎರಡು, ಕತ್ತಲ ಕೋಣೆಯಲ್ಲಿ ಟಾರ್ಚನ್ನು ಬಲಗಡೆಯ ಮೇಲ್ಮೈಗೆ ಅಡ್ಡವಾಗಿ, ಬಹುತೇಕ ತಾಗಿಸಿದ ಹಾಗೆ ಹಿಡಿದು ನೋಡಿ. ಬಣ್ಣದ ಕೆಳಗೆ ಏನಾದರೂ ಗೆರೆ ಕಾಣುತ್ತದೆಯಾ ಹೇಳಿ.

ಮಿಸೂರಿ ಕನ್ನಡಿಗ ಬರೆದದ್ದು:

ನಾನು ಅಮೆರಿಕದಲ್ಲಿ ಇಂಥವನ್ನು ಹದಿನೈದು ವರ್ಷದಿಂದ ನೋಡುತ್ತಿದ್ದೇನೆ. ಇಲ್ಲಿಗೆ ಬಂದ ಹೆಲ್ಮೆಟ್‌ಗಳ ಜಾಡು ಬೇರೆ ಥರ. ಇಲ್ಲಿನ ಸೈನಿಕರು ಗೆದ್ದ ವಸ್ತು ಮನೆಗೆ ತರುವಾಗ ಮೇಲಧಿಕಾರಿ ಸಹಿ ಮಾಡಿದ ಒಂದು ಚೀಟಿ ಇರಬೇಕಿತ್ತು. ಆ ಚೀಟಿ ಹೆಲ್ಮೆಟ್ ಜೊತೆ ಉಳಿದಿದ್ದರೆ ಯಾವ ಪಡೆಯವನು ತಂದ ಅನ್ನುವುದು ಗೊತ್ತಾಗುತ್ತದೆ. ಇಲ್ಲದಿದ್ದರೆ ಬಾಯಿ ಮಾತೇ ಗತಿ.

ಬಾಯಿ ಮಾತಿನಿಂದ ನಾನು ಕೆಟ್ಟಿದ್ದೇನೆ, ಅದಕ್ಕೇ ಹೇಳುತ್ತೇನೆ. ಶುರುವಿನಲ್ಲಿ ಎಸ್‌ಎಸ್, ಅಂದರೆ ನಾತ್ಸಿ ಪಕ್ಷದ ಸಶಸ್ತ್ರ ಪಡೆಯ ಗುರುತಿರುವ ಒಂದು ಹೆಲ್ಮೆಟ್ ಕೊಂಡೆ. ಮಾರಿದವರು ತಮ್ಮ ತಾತ ನಾರ್ಮಂಡಿಯಿಂದ ತಂದದ್ದು ಅಂತ ಟೈಪ್ ಮಾಡಿದ ಕಾಗದ ಕೊಟ್ಟರು, ತಾರೀಖು, ಊರು ಎಲ್ಲ ಇತ್ತು. ಮನೆಗೆ ತಂದು ಯುವಿ ದೀಪ ಹಿಡಿದೆ. ಆ ಎರಡು ಅಕ್ಷರಗಳ ಸುತ್ತಲಿನ ವಾರ್ನಿಷ್ ಟ್ಯೂಬ್‌ಲೈಟ್ ಥರ ಹೊಳೆಯಿತು, ಒಳಗಿನ ಹೊಲಿಗೆ ದಾರವೂ ಹೊಳೆಯಿತು. ಯುದ್ಧದ ನಂತರ ಬಂದ ರಾಸಾಯನಿಕಗಳು ಹಾಗೆ ಹೊಳೆಯುತ್ತವೆ. ಚಿಪ್ಪು ನಿಜವಾದದ್ದೇ, ಮೇಲಿನ ಗುರುತು ಮಾತ್ರ ಆಮೇಲೆ ಅಂಟಿಸಿದ್ದು. ಹಾಗೇ ನೋಡಿದರೆ ಯುದ್ಧದ ನಂತರ ಬೇರೆ ದೇಶಗಳೂ ಈ ಚಿಪ್ಪುಗಳನ್ನು ಬಳಸಿದವು, ನಾರ್ವೆಯವರು ಎಷ್ಟೋ ವರ್ಷ ಬಣ್ಣ ಬದಲಿಸಿ ತೊಟ್ಟರು, ಸ್ಪೇನ್‌ನವರು ಅದೇ ಆಕಾರದಲ್ಲಿ ತಮ್ಮದೇ ಮಾಡಿಕೊಂಡರು, ಅವುಗಳಿಗೆಲ್ಲ ಈಗ ಹದ್ದು ಅಂಟಿಸಿ ಮಾರುವವರಿದ್ದಾರೆ.

ನಿಮ್ಮದರಲ್ಲಿ ಆ ಭಯ ಇಲ್ಲ. ಕೋಳಿಗೂಡಿನಲ್ಲಿ ಎಂಬತ್ತು ವರ್ಷ ಇದ್ದ ವಸ್ತುವಿಗೆ ಯಾರೂ ಮೋಸದ ಗುರುತು ಅಂಟಿಸಿಲ್ಲ. ನಿಮ್ಮ ಹತ್ತಿರ ಇರುವ ಎಲ್ಲಕ್ಕಿಂತ ದೊಡ್ಡ ಆಧಾರ ಆ ಅಜ್ಜಿ. ಸ್ಟಾಂಪು, ಲಾಟ್ ನಂಬರು ಮುಂದಿನ ವರ್ಷವೂ ಅಲ್ಲೇ ಇರುತ್ತವೆ. ಇವತ್ತೇ ಹೋಗಿ ಅವರ ಮಾತು ರೆಕಾರ್ಡ್ ಮಾಡಿ. ಆ ಗೂಡಿಗೆ ಅದು ಬಂದದ್ದು ಯಾವಾಗ, ಯಾರು ತಂದರು, ಆಗ ಮನೆಯಲ್ಲಿ ಯಾರಿದ್ದರು, ತಂತಿ ಕಟ್ಟಿದ್ದು ಯಾರು. ನೀವು ಉತ್ತರ ಸೂಚಿಸಬೇಡಿ, ಅವರೇ ಹೇಳಲಿ.

ಐಫೆಲ್ ಹಳ್ಳಿ ಬರೆದದ್ದು:

ಬ್ರಷ್ ಮುಟ್ಟಿಲ್ಲ. ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಗಾಳಿ ತೂತು ಮೊದಲು ನೋಡಿದಾಗ ಒತ್ತಿದ್ದು ಅನ್ನಿಸಿತು, ಮೇಲೆ ಬಣ್ಣ ದಪ್ಪ ಕೂತಿದೆ. ಆದರೆ ತಂತಿ ಹಾಯಿಸಿದ್ದೂ ಅದೇ ತೂತುಗಳಲ್ಲಿ. ತಂತಿ ತಿಕ್ಕಿ ತಿಕ್ಕಿ ಒಂದು ಕಡೆ ಬಣ್ಣ ಸವೆದು ಹೋಗಿದೆ, ಅಲ್ಲಿ ಉಂಗುರದ ಅಂಚು ಕೂದಲೆಳೆಯ ಹಾಗೆ ಬೇರೆಯಾಗಿ ಕಾಣುತ್ತದೆ. ಒಳಗಿನಿಂದ ನೋಡಿದರೆ ಉಂಗುರದ ಬಾಲ ಅಗಲಿಸಿ ಮಡಚಿದ್ದೂ ಕಾಣುತ್ತದೆ. ಹಾಗಾದರೆ 1935ರ ಮಾದರಿ.

ಟಾರ್ಚ್ ವಿಷಯ. ರಾತ್ರಿ ಅಡುಗೆಮನೆ ದೀಪ ಆರಿಸಿ ಹಿಡಿದೆ. ಮೊದಲು ಬರೀ ತರಿತರಿ ಬಣ್ಣ, ಪ್ರತಿ ಕಣಕ್ಕೂ ಒಂದು ನೆರಳು. ನಿಧಾನವಾಗಿ ಹೆಲ್ಮೆಟ್ ತಿರುಗಿಸುತ್ತಾ ಹೋದಾಗ ಒಂದು ಕೋನದಲ್ಲಿ ಮಾತ್ರ ಸಣ್ಣ ಗುರಾಣಿಯ ಅಂಚು ಎದ್ದಿತು, ಅದರೊಳಗೆ ಓರೆಯಾಗಿ ಎರಡು ಗೆರೆ. ಸ್ವಲ್ಪ ಅಲುಗಿದರೆ ಮಾಯ. ನಾಲ್ಕು ಸಲ ನೋಡಿ ಖಾತ್ರಿ ಮಾಡಿಕೊಂಡೆ.

ಪಟ್ಟಿಯಲ್ಲಿ 64 ಎನ್ ಎ 57 ಇದೆ. ಅಯಸ್ಕಾಂತ ಪಟ್ಟಿಗೆ ಅಂಟುವುದಿಲ್ಲ, ಚಿಪ್ಪಿಗೆ ಅಂಟುತ್ತದೆ.

ಹಳೇ ಉಕ್ಕು ಬರೆದದ್ದು:

ಬಹಳ ಚೆನ್ನಾಗಿ ನೋಡಿದ್ದೀರಿ. ಈಗ ಅದರ ಮೊದಲ ಕೆಲವು ವರ್ಷ ಹೇಳಬಹುದು.

ಆ ಗುರಾಣಿ ಕಪ್ಪು ಬಿಳಿ ಕೆಂಪು ಪಟ್ಟಿಯ ರಾಷ್ಟ್ರದ ಗುರುತು. ಯುದ್ಧಕ್ಕೆ ಮುಂಚೆ ಸೇನೆಯ ಹೆಲ್ಮೆಟ್‌ಗೆ ಬಲಗಡೆ ಅದು, ಎಡಗಡೆ ಹದ್ದು. ಬಣ್ಣ ನಯ, ಹಸಿರು. ಪೋಲೆಂಡ್ ಯುದ್ಧವಾದ ಮೇಲೆ, ಹೊಳಪೂ ಬಣ್ಣದ ಗುರುತೂ ದೂರಕ್ಕೆ ಕಾಣುತ್ತವೆ ಅಂತ, 1940ರ ಮಾರ್ಚ್‌ನಲ್ಲಿ ಗುರಾಣಿ ತೆಗೆಯಲು ಆದೇಶ ಬಂತು, ಜೊತೆಗೆ ಒರಟು ಬಣ್ಣ. ಹದ್ದನ್ನು ಬಿಟ್ಟು ಸುತ್ತ ಬಣ್ಣ ಬಳಿದರು, ನಿಮ್ಮದರಲ್ಲೂ ಅದೇ ಆಗಿದೆ. 1943ರ ಆಗಸ್ಟ್‌ನಲ್ಲಿ ಹದ್ದೂ ಬೇಡ ಅಂದರು. ನಿಮ್ಮದರಲ್ಲಿ ಹದ್ದು ಉಳಿದಿದೆ ಅಂದರೆ ಆಮೇಲೆ ಯಾರೂ ಪೂರ್ತಿ ಬಣ್ಣ ಹೊಡೆದಿಲ್ಲ. ಪಟ್ಟಿಗೆ ಅಯಸ್ಕಾಂತ ಅಂಟುವುದಿಲ್ಲವೆಂದರೆ ಅಲ್ಯೂಮಿನಿಯಂ, ಅದೂ ಹೊಂದುತ್ತದೆ, 1940ರಿಂದಾಚೆ ಸತು ಬಳಿದ ಉಕ್ಕಿನ ಪಟ್ಟಿ ಬರತೊಡಗಿತು.

ಅಂದರೆ ಯುದ್ಧಕ್ಕೆ ಮುಂಚೆ ಅಥವಾ ಶುರುವಿನಲ್ಲೇ ಟಾಲೆಯಲ್ಲಿ ಮಾಡಿದ್ದು, ಕಡಿಮೆ ಅಂದರೂ ಇಬ್ಬರ ತಲೆ ಮೇಲೆ ಕೂತದ್ದು. ಎರಡು ಹೆಸರು ಯಾಕೆ ಅನ್ನುವುದಕ್ಕೆ ಇದೇ ಉತ್ತರ. ಹೆಲ್ಮೆಟ್ ಸೈನಿಕನ ಸ್ವಂತದ್ದಲ್ಲ, ಉಗ್ರಾಣದ್ದು. ಒಬ್ಬ ಗಾಯಗೊಂಡು ಆಸ್ಪತ್ರೆಗೆ ಹೋದರೆ ಅವನ ಹೆಲ್ಮೆಟ್ ಇನ್ನೊಬ್ಬನಿಗೆ. ಗೀಚಿದ ಹೆಸರು ಮೊದಲಿನವನದ್ದು, ನೇರಳೆ ಹೆಸರು ಆಮೇಲಿನವನದ್ದು. ನೀವು ಹುಡುಕಬೇಕಾದ್ದು ಎರಡನೆಯವನನ್ನು.

ಇನ್ನೊಂದು ಮಾತು. ಹದ್ದಿನ ಕಾಲಲ್ಲಿ ಸ್ವಸ್ತಿಕ ಇರುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವುದು ಅಲ್ಲಿ ಅಪರಾಧವಲ್ಲ, ಆದರೆ ಸಾರ್ವಜನಿಕವಾಗಿ ಪ್ರದರ್ಶಿಸುವುದಕ್ಕೆ ದಂಡಸಂಹಿತೆಯ 86ಎ ಕಲಂ ಇದೆ. ಇತಿಹಾಸ, ಸಂಶೋಧನೆ, ಪಾಠಕ್ಕೆ ವಿನಾಯಿತಿ ಉಂಟು. ಆದರೂ ಕಂಡಕಂಡಲ್ಲಿ ಫೋಟೋ ಹಾಕಬೇಡಿ.

ಕಡತದ ಕೋಣೆ ಬರೆದದ್ದು:

ನನ್ನದು ಹಳೇ ಕಾಗದಗಳ ಕೆಲಸ, ಹಾಗಾಗಿ ಆ ಭಾಗ ನಾನು ಹೇಳುತ್ತೇನೆ.

ಐದು ಅಂಕಿ ಇದೆಯಲ್ಲ, ಅದು ಫೆಲ್ಡ್‌ಪೋಸ್ಟ್ ಸಂಖ್ಯೆ ಇರುವ ಸಾಧ್ಯತೆ ಜಾಸ್ತಿ. ರಣರಂಗದ ಅಂಚೆ ನಂಬರ್. ಪಡೆ ಎಲ್ಲಿದೆ ಅಂತ ಶತ್ರುವಿಗೆ ತಿಳಿಯಬಾರದು ಅಂತ ಊರಿನ ಹೆಸರು ಬದಲು ಈ ಸಂಖ್ಯೆ ಬರೆಯುತ್ತಿದ್ದರು. ಇದು ವ್ಯಕ್ತಿಯದ್ದಲ್ಲ, ಪಡೆಯದ್ದು. ಸಂಖ್ಯೆಗೆ ಯಾವ ಪಡೆ ಅನ್ನುವ ಪಟ್ಟಿಗಳು ಸಿಗುತ್ತವೆ. ಆದರೆ ಒಂದು ಪಡೆ ನಾಶವಾದರೆ ಅದೇ ಸಂಖ್ಯೆ ಬೇರೆಯವರಿಗೆ ಹೋಗುತ್ತಿತ್ತು, ಹಾಗಾಗಿ 1944ರ ಶರತ್ಕಾಲಕ್ಕೆ ಅದು ಯಾರದ್ದು ಅಂತಲೇ ನೋಡಬೇಕು. ನಿಮ್ಮ ಕಾಡಿನಲ್ಲಿ ಆ ಅಕ್ಟೋಬರ್‌ನಲ್ಲಿ 275ನೇ ಕಾಲಾಳು ಡಿವಿಷನ್ ಇತ್ತು, ನವೆಂಬರ್‌ನಲ್ಲಿ ಷ್ಮಿಟ್ ಊರಿನ ಸುತ್ತ 89ನೇ ಡಿವಿಷನ್, 116ನೇ ಪಾಂಜರ್ (ಟ್ಯಾಂಕ್) ಡಿವಿಷನ್ ಕಾದಾಡಿದವು. ಇದಕ್ಕೆ ಹೊಂದಿದರೆ ಒಳ್ಳೆಯದು. ಹೊಂದುವ ಹಾಗೆ ಎಳೆದು ಕೂರಿಸಬೇಡಿ.

ಆಮೇಲೆ ಹೆಸರು. ಎರಡು ಬಾಗಿಲು ತಟ್ಟಿ. ಒಂದು, ಫೋಲ್ಕ್ಸ್‌ಬುಂಡ್, ಅಂದರೆ ಯುದ್ಧದ ಸಮಾಧಿಗಳನ್ನು ನೋಡಿಕೊಳ್ಳುವ ಸಂಸ್ಥೆ, 1919ರಿಂದ ಇದೆ, ಕಾಸೆಲ್ ಹತ್ತಿರ. ಅವರ ಸಮಾಧಿ ಹುಡುಕಾಟ ಆನ್‌ಲೈನ್‌ನಲ್ಲಿದೆ, ದುಡ್ಡಿಲ್ಲ. ನಿಮ್ಮ ಹತ್ತಿರದ ಫೊಸ್ಸೆನಾಕ್, ಹ್ಯುರ್ಟ್‌ಗೆನ್ ಸೈನಿಕ ಸಮಾಧಿಗಳ ಹೆಸರುಗಳೂ ಅದರಲ್ಲಿವೆ. ಎರಡು, ಬರ್ಲಿನ್‌ನ ಬುಂಡೆಸ್‌ಆರ್ಖೀವ್, ಅಂದರೆ ರಾಷ್ಟ್ರೀಯ ದಾಖಲೆ ಭಂಡಾರ. ಮೊದಲು ವಾಸ್ಟ್ ಅಂತ ಬೇರೆ ಕಚೇರಿ ಇತ್ತು, ಸತ್ತವರ, ಸೆರೆಯಾದವರ, ಗುರುತು ಬಿಲ್ಲೆಗಳ ಪಟ್ಟಿ ಇಟ್ಟುಕೊಂಡದ್ದು, 2019ರಲ್ಲಿ ಅದನ್ನು ಈ ಭಂಡಾರಕ್ಕೇ ಸೇರಿಸಿದರು. ಅರ್ಜಿ ಹಾಕಬೇಕು, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಬರೀ ಹೆಸರು ಕೊಟ್ಟರೆ ಅದೇ ಹೆಸರಿನ ನೂರಾರು ಜನ ಬರುತ್ತಾರೆ. ಹುಟ್ಟಿದ ದಿನ ನಿಮ್ಮ ಹತ್ತಿರ ಇಲ್ಲ, ಆದ್ದರಿಂದ ಪಡೆಯ ಹೆಸರು, ಫೆಲ್ಡ್‌ಪೋಸ್ಟ್ ಸಂಖ್ಯೆ, ಹೆಲ್ಮೆಟ್ ಸಿಕ್ಕ ಊರು, ಬರಹದ ಫೋಟೋ ಎಲ್ಲ ಲಗತ್ತಿಸಿ. ಸತ್ತು ಹತ್ತು ವರ್ಷ ಆಗಿದ್ದರೆ ಸಂಬಂಧಿ ಅಲ್ಲದವರೂ ಕೇಳಬಹುದು.

ಏನೂ ಸಿಗದೆಯೂ ಇರಬಹುದು, ಅದನ್ನು ಈಗಲೇ ಹೇಳಿಬಿಡುತ್ತೇನೆ. 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡ್ಯಾಮ್ ಮೇಲೆ ಬಾಂಬ್ ಬಿದ್ದಾಗ ಅಲ್ಲಿನ ಸೇನಾ ದಾಖಲೆ ಭಂಡಾರ ಸುಟ್ಟುಹೋಯಿತು.

ಇದಕ್ಕಿಂತ ಮುಖ್ಯ ಒಂದು ಪ್ರಶ್ನೆ. ಆ ನೇರಳೆ ಹೆಸರನ್ನು ಓದಿದ್ದು ಯಾರು, ನೀವಾ? ಆ ಕಾಲದ ಜರ್ಮನ್ ಕೈಬರಹವೇ ಬೇರೆ. ಸ್ಯುಟರ್ಲಿನ್ ಅಂತ ಶಾಲೆಯಲ್ಲಿ ಕಲಿಸುತ್ತಿದ್ದರು, 1941ರಲ್ಲಿ ನಿಲ್ಲಿಸಿದರು. ಅದರಲ್ಲಿ 'ಇ' ಅಕ್ಷರ ನಮ್ಮ ಕಣ್ಣಿಗೆ 'ಎನ್' ಥರ ಕಾಣುತ್ತದೆ. ಈಗಿನ ಜರ್ಮನ್ನರೇ ತಪ್ಪು ಓದುತ್ತಾರೆ.

ಮಿಸೂರಿ ಕನ್ನಡಿಗ ಬರೆದದ್ದು:

ಸುಟ್ಟ ಕಾಗದದ ನೋವು ಇಲ್ಲೂ ಅದೇ. ಸೇಂಟ್ ಲೂಯಿಸ್‌ನ ಸೈನಿಕರ ದಾಖಲೆ ಕಟ್ಟಡಕ್ಕೆ 1973ರ ಜುಲೈನಲ್ಲಿ ಬೆಂಕಿ ಬಿದ್ದು ಸುಮಾರು 1.6ರಿಂದ 1.8 ಕೋಟಿ ಕಡತ ಹೋದವು. ಹೆಲ್ಮೆಟ್ ತಂದ ನಮ್ಮ ಸೈನಿಕನ ಕಡತವೂ ಇಲ್ಲ, ಅದನ್ನು ತೊಟ್ಟ ಜರ್ಮನ್ನನದ್ದೂ ಇಲ್ಲ, ನಡುವೆ ಕಬ್ಬಿಣ ಮಾತ್ರ ಉಳಿದಿದೆ ಅನ್ನುವುದು ಎಷ್ಟೋ ಸಲ ಆಗಿದೆ. ಅದಕ್ಕೇ ಮತ್ತೆ ಕೇಳುತ್ತಿದ್ದೇನೆ, ಅಜ್ಜಿ ಹತ್ತಿರ ಕೂತು ಮಾತಾಡಿದಿರಾ?

ಐಫೆಲ್ ಹಳ್ಳಿ ಬರೆದದ್ದು:

ಮಾತಾಡಿದೆ. ಭಾನುವಾರ ಮಧ್ಯಾಹ್ನ, ಐವತ್ತು ನಿಮಿಷ ರೆಕಾರ್ಡ್ ಆಗಿದೆ.

1944ರ ಶರತ್ಕಾಲದಲ್ಲಿ ಅಜ್ಜಿಗೆ ಆರು ವರ್ಷ. ಆಖೆನ್ ಅಕ್ಟೋಬರ್ 21ಕ್ಕೆ ಅಮೆರಿಕನ್ನರ ಕೈಸೇರಿತು, ಆ ಹೊತ್ತಿಗೆ ಇವರನ್ನೆಲ್ಲ ಹಳ್ಳಿ ಬಿಡಿಸಿದ್ದರು. ಅಮ್ಮನ ಜೊತೆ ವಾಪಸ್ ಬಂದದ್ದು 1945ರ ವಸಂತದಲ್ಲಿ. ಮನೆಯ ಒಂದು ಗೋಡೆ ಇರಲಿಲ್ಲ. ಕೊಟ್ಟಿಗೆಯ ಹುಲ್ಲಿನ ಮೇಲೆ ಯಾರೋ ಮಲಗಿದ್ದ ಗುರುತು, ಖಾಲಿ ಡಬ್ಬಿಗಳು, ಒಂದು ಕಂಬಳಿ, ಈ ಹೆಲ್ಮೆಟ್. ಅದು ಮೊಳೆಗೆ ನೇತುಹಾಕಿತ್ತು ಅಂತ ಅವರಿಗೆ ಚೆನ್ನಾಗಿ ನೆನಪಿದೆ, ನೆಲದ ಮೇಲೆ ಬಿದ್ದಿರಲಿಲ್ಲ. ರಕ್ತ ಇರಲಿಲ್ಲ, ತೂತು ಇರಲಿಲ್ಲ. ಯಾರೋ ಬೇಕಂತಲೇ ನೇತುಹಾಕಿ ಹೋಗಿದ್ದಾರೆ. ಪಾತ್ರೆಗಳೆಲ್ಲ ಹೋಗಿದ್ದವು, ಅದಕ್ಕೆ ಅಮ್ಮ ತಂತಿ ಕಟ್ಟಿ ಕೋಳಿಗೆ ಇಟ್ಟರು. ಅಪ್ಪ ಆಗ ಸೆರೆಯಲ್ಲಿದ್ದರು.

ಕೈಬರಹದ ವಿಷಯ ನೀವು ಹೇಳಿದ್ದು ಸರಿ, ನಾನು ತಪ್ಪು ಓದಿದ್ದೆ. ಫೋಟೋ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿದೆ. ಅವರು ಶಾಲೆಯಲ್ಲಿ ಆ ಬರಹ ಕಲಿತಿಲ್ಲ. ಆದರೆ ಸೆರೆಯಲ್ಲಿದ್ದ ಅಪ್ಪನಿಗೆ ಅಮ್ಮ ಬರೆದ ಕಾಗದಗಳು ಅವರ ಹತ್ತಿರ ಇನ್ನೂ ಇವೆ, ಅಮ್ಮ ತೀರಿಕೊಂಡ ಮೇಲೆ ಒಂದೊಂದೇ ಓದಿ ಓದಿ ಕಲಿತರಂತೆ. ಕನ್ನಡಕ ಮೇಲೆ ಸರಿಸಿ, ಫೋಟೋ ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆದುಕೊಂಡು ಓದಿದರು. ನಾನು 'ಎನ್' ಅಂದುಕೊಂಡಿದ್ದರಲ್ಲಿ ಎರಡು 'ಇ'. ಮನೆತನದ ಹೆಸರೇ ಬೇರೆಯಾಯಿತು. ಮುಂದೆ ಇರುವುದು ಗೆಫ್ರೈಟರ್ ಅನ್ನುವ ದರ್ಜೆಯ ಚಿಕ್ಕ ರೂಪ, ಅದನ್ನು ನಾನು ಅವನ ಮೊದಲ ಹೆಸರು ಅಂದುಕೊಂಡಿದ್ದೆ.

ಹೊಸ ಹೆಸರನ್ನು ಸಮಾಧಿ ಪಟ್ಟಿಯಲ್ಲಿ ಹಾಕಿ ನೋಡಿದೆ. ಫೊಸ್ಸೆನಾಕ್‌ನಲ್ಲಿ ಇಲ್ಲ, ಹ್ಯುರ್ಟ್‌ಗೆನ್‌ನಲ್ಲೂ ಇಲ್ಲ. ಅಜ್ಜಿಗೆ ಹೇಳಿದೆ. "ಹಾಗಾದರೆ ನಡೆದುಕೊಂಡು ಹೋಗಿರಬಹುದು" ಅಂದರು.

ಕಡತದ ಕೋಣೆ ಬರೆದದ್ದು:

ಪಟ್ಟಿಯಲ್ಲಿ ಇಲ್ಲ ಅಂದರೆ ಬದುಕಿದ ಅಂತ ಆಗುವುದಿಲ್ಲ, ಹೆಸರಿಲ್ಲದ ಸಮಾಧಿಗಳೂ ಅಲ್ಲಿ ಬಹಳ ಇವೆ. ಆದರೆ ಮೊಳೆಗೆ ನೇತುಹಾಕಿದ್ದು ಅನ್ನುವ ಮಾತನ್ನು ಅಜ್ಜಿ ಹೇಳಿದ ಹಾಗೇ, ಅವರ ಮಾತಿನಲ್ಲೇ ಬರೆದು, ತಾರೀಖು ಹಾಕಿ, ಅವರ ಸಹಿ ತೆಗೆದುಕೊಳ್ಳಿ. ಒಂದು ಪ್ರತಿ ಅರ್ಜಿ ಜೊತೆ, ಒಂದು ಪ್ರತಿ ಹೆಲ್ಮೆಟ್ ಜೊತೆ. ಮುಂದೆ ಅದು ಯಾರ ಕೈಗೆ ಹೋದರೂ ಆ ಕಾಗದ ಬೇರೆಯಾಗಬಾರದು.

ಹಳೇ ಉಕ್ಕು ಬರೆದದ್ದು:

ತಂತಿ ಬಿಚ್ಚಬೇಡಿ. ಅದೂ ಅದರ ಚರಿತ್ರೆಯೇ. ಒಣ ಜಾಗದಲ್ಲಿ, ಹತ್ತಿಬಟ್ಟೆಯಲ್ಲಿ ಸುತ್ತಿ ಇಡಿ, ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಲ್ಲುತ್ತದೆ. ಹಳ್ಳಿ ಸುತ್ತ ಇನ್ನೇನಾದರೂ ಸಿಗಬಹುದು ಅಂತ ಕಾಡಿನಲ್ಲಿ ಮಾತ್ರ ಅಗೆಯಬೇಡಿ. ಅನುಮತಿ ಬೇಕು, ಅದಕ್ಕಿಂತ ಮುಖ್ಯ, ಸಿಡಿಯದ ಗುಂಡುಗಳು ಅಲ್ಲಿ ಇನ್ನೂ ಇವೆ.

ಐಫೆಲ್ ಹಳ್ಳಿ ಬರೆದದ್ದು:

ಇವತ್ತು ಬೆಳಿಗ್ಗೆ ಬರ್ಲಿನ್‌ಗೆ ಅರ್ಜಿ ಹೋಯಿತು. ಸರಿಯಾದ ಹೆಸರು, ಐದು ಅಂಕಿ, ಎಂಟು ಫೋಟೋ, ಅಜ್ಜಿಯ ಎರಡು ಪುಟದ ಹೇಳಿಕೆ. ಸಹಿ ಮಾಡುವಾಗ ಅವರು ಕೆಳಗೆ ಒಂದು ಸಾಲು ತಾವೇ ಸೇರಿಸಿದರು, ಅಮ್ಮನ ಆ ಹಳೇ ಬರಹದಲ್ಲೇ: ಕೋಳಿಗಳಿಗೆ ಅದು ಬಹಳ ಉಪಯೋಗಕ್ಕೆ ಬಂತು, ಅವರ ಮನೆಯವರಿಗೆ ನಮ್ಮ ವಂದನೆ ತಿಳಿಸಿ ಅಂತ. ಅವರು ಮುಂದಿನ ತಿಂಗಳು ಹೊರಡುತ್ತಾರೆ. ಉತ್ತರ ಬರುವವರೆಗೂ ಹೆಲ್ಮೆಟ್ ನನ್ನ ಹತ್ತಿರ ಇರುತ್ತದೆ, ಬಂದ ದಿನ ಇಲ್ಲಿ ಬರೆಯುತ್ತೇನೆ.